ತುಬಚಿಯ ದಾರಿಯಲ್ಲಿ ಚಿಲ್ಲರೆಯ ಮಾತು

ಜಮಖಂಡಿಯಿಂದ ತುಬಚಿಗೆ ಹೊರಟ ಬಸ್ಸಿನಲ್ಲಿ ನಾವು ನೂರರ ನೋಟನ್ನು ಕೊಡಲು, ಕಂಡಕ್ಟರನು ಚಿಲ್ಲರೆಯಿಲ್ಲವೆಂದು ಬಾಕಿಯನ್ನು ತಿಕೀಟಿನ ಬೆನ್ನಮೇಲೆ ಬರೆದುಕೊಟ್ಟನು. ಇಕ್ಕೆಲದಲ್ಲಿಯೂ ಕಬ್ಬು, ಮುಂದೆ ಕೃಷ್ಣೆಯ ಸೀಮೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಈ ಊರಿನ ಹೆಸರು ದೂರದವರಿಗೂ ಪರಿಚಿತವಾಗಿದೆ.

ಮಗ್ಗುಲಲ್ಲಿದ್ದ ವೃದ್ಧ ರೈತರು ಆ ಬರಹವನ್ನು ನೋಡಿ ನಕ್ಕರು. “ನಿಮ್ಮ ಕೈಯಾಗ ತಿಕೀಟರೆ ಐತ್ರಿ. ನನ್ನ ಎರಡು ಸಾವಿರ ನುಂಗಿದ ಮಷೀನು ಅದನ್ನೂ ಕೊಡಲಿಲ್ರಿ.” ಎ.ಟಿ.ಎಂ. ಯಂತ್ರದಿಂದ ನೋಟು ಬಾರದೆ, ಖಾತೆಯಲ್ಲಿ ಮಾತ್ರ ಹಣ ಕಡಿತವಾಗಿ ಇಪ್ಪತ್ತು ದಿನಗಳಾಗಿದ್ದವಂತೆ. ಬ್ಯಾಂಕಿನಲ್ಲಿ ಕೇಳಿದರೆ, ರೊಕ್ಕ ಹೊರಗೆ ಬಂದುದಾಗಿ ಯಂತ್ರ ತೋರಿಸುತ್ತದೆಂಬುದೊಂದೇ ಉತ್ತರ. ಹಣ ಹೋದುದಕ್ಕಿಂತ ಸುಳ್ಳುಗಾರನೆನಿಸಿಕೊಂಡುದೇ ಅವರನ್ನು ಹೆಚ್ಚು ನೋಯಿಸಿದಂತೆ ನಮಗೆ ತೋರಿತು.

ರಿಜರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ ತಿಂಗಳ ಆಜ್ಞೆಯನ್ನು ಅವರಿಗೆ ತಿಳಿಸಿದೆವು. ನೋಟು ಬಾರದೆ ಕಡಿತವಾದ ಹಣವು ಆ ದಿನದ ತರುವಾಯ 5 ದಿನಗಳೊಳಗೆ ತಾನಾಗಿ ಖಾತೆಗೆ ಮರಳಬೇಕು; ತಪ್ಪಿದರೆ ದಿನವೊಂದಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕನು ಬೇಡುವ ಮೊದಲೇ. ಯಂತ್ರದೊಳಗಿನ ನೋಟುಗಳನ್ನು ಎಣಿಸಿ ಲೆಕ್ಕಕ್ಕೆ ಹೊಂದಿಸಿದರೆ ಹೆಚ್ಚಾಗಿ ಉಳಿದುದು ಗೊತ್ತಾಗಲೇಬೇಕಷ್ಟೆ! ಅವರಿಗೆ ಆಗಲೇ 1,500 ರೂಪಾಯಿ ಪರಿಹಾರ ಸಲ್ಲತಕ್ಕದ್ದಾಗಿತ್ತು. ಲಿಖಿತ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಜರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯಬಹುದೆಂದೂ ಹೇಳಿದೆವು.

ತುಬಚಿಯಲ್ಲಿ ಇಳಿಯುವಾಗ ಕಂಡಕ್ಟರನು ನಮ್ಮ ಬಾಕಿಯನ್ನು ಎಣಿಸಿಕೊಟ್ಟನು. ವೃದ್ಧರು ನಮ್ಮ ಪೆನ್ಸಿಲನ್ನು ಕೇಳಿ ಪಡೆದು, ತಮ್ಮ ತಿಕೀಟಿನ ಬೆನ್ನಮೇಲೆ “ದಿನಕ್ಕ ನೂರು” ಎಂದು ಬರೆದುಕೊಂಡರು.