ಬಿಟ್ಟ ಸ್ಥಳ ತುಂಬಿರಿ

ಐವತ್ತು ದಾಟಿದ ಹೆಂಗಸು ಹೊಸದಾಗಿ ಏನಾದರೂ ಕಲಿಯಲು ಹೊರಟರೆ ಅದು ಭಗವದ್ಗೀತೆಯೋ ಯೋಗಾಸನವೋ ಆಗಿರಬೇಕೆಂದು ನಮ್ಮ ಕಡೆ ಬರೆಯದ ಕಾನೂನೊಂದಿದೆ. ನಾನು ಡ್ರಮ್ಸ್ ಎಂದಾಗ ಪಕ್ಕದ ಮನೆಯವರು, "ತಬಲಾನಾ ಮೇಡಂ?" ಎಂದು ತಾವೇ ತಿದ್ದಿ ಕೇಳಿದರು. ಅಲ್ಲ, ಮದುವೆ ಆರ್ಕೆಸ್ಟ್ರಾದಲ್ಲಿ ಹಿಂದೆ ಕೂತು ಹುಡುಗರು ಬಾರಿಸುತ್ತಾರಲ್ಲ, ಅದೇ ಎಂದೆ.

ಕಾರಣ ಶಾಲೆಯದು. ನಮ್ಮಲ್ಲಿ ಪ್ರತಿ ಆಗಸ್ಟ್ 15ಕ್ಕೆ ಬ್ಯಾಂಡಿನ ಡ್ರಮ್ಮು ಹುಡುಗರ ಕೊರಳಿಗೆ, ಲೇಜಿಮ್ಮು ಹುಡುಗಿಯರ ಕೈಗೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಬೆಂಚಿನ ಮೇಲೆ, ಊಟದ ತಟ್ಟೆಯ ಮೇಲೆ ಬೆರಳಿನಲ್ಲೇ ಲಯ ಹಿಡಿಯುವುದನ್ನು ಕಂಡು, ಇವಳಿಗೊಂದು ಡ್ರಮ್ಮು ಕೊಡೋಣ ಎಂದೆ. "ಹೆಣ್ಣುಮಕ್ಕಳಿಗೆ ಹೇಳಿಕೊಡೋರು ಯಾರು ಮೇಡಂ?" ಎಂಬ ಉತ್ತರ ಬಂತು. ಸರಿ, ನಾನೇ ಕಲಿತರಾಯಿತು ಎಂದುಕೊಂಡೆ.

ಗುರುಪುರದ ಹತ್ತಿರ ಆರ್ಕೆಸ್ಟ್ರಾದಲ್ಲಿ ಬಾರಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನ ಕೋಣೆಯಲ್ಲಿ ಇಡೀ ಸೆಟ್ಟು ಇದೆ: ಮುಂದೆ ಸ್ನೇರ್, ಮೇಲೆ ಎರಡು ಟಾಮ್, ಬಲಕ್ಕೆ ನೆಲದ ಮೇಲೆ ದೊಡ್ಡ ಟಾಮ್, ಎಡಗಾಲಿಗೆ ಹೈಹ್ಯಾಟ್ ತಾಳಗಳು, ಬಲಗಾಲಿಗೆ ಬೇಸ್ ಡ್ರಮ್. 1909ರಲ್ಲಿ ಅಮೆರಿಕದ ವಿಲಿಯಂ ಲುಡ್ವಿಗ್ ಚುರುಕಾಗಿ ಓಡುವ ಪೆಡಲ್ ತಯಾರಿಸಿದ ಮೇಲೆ, ಕೂತಲ್ಲೇ ಒಬ್ಬರೇ ಇಷ್ಟನ್ನೂ ಬಾರಿಸುವುದು ಸಲೀಸಾಯಿತಂತೆ. ನಾಲ್ಕು ಕೈಕಾಲಿಗೆ ನಾಲ್ಕು ಕೆಲಸವೆಂದು ಅವನು ನನ್ನನ್ನು ಹೆದರಿಸಲು ನೋಡಿದ. ಹಾಲು ಉಕ್ಕುವುದನ್ನು ನೋಡಿಕೊಂಡು, ದೋಸೆ ಹುಯ್ಯುತ್ತಾ, ಮಗುವಿಗೆ ಮಗ್ಗಿ ಹೇಳಿಸಿದವರಿಗೆ ಇದೇನು ಹೊಸದೆ?

ನಿಜವಾದ ಪರೀಕ್ಷೆ ಫಿಲ್ ಬಾರಿಸುವಲ್ಲಿದೆ. ನಾಲ್ಕು ನಾಲ್ಕು ಎಣಿಕೆಯ ಮೂರು ಸುತ್ತು ಒಂದೇ ನಡೆ. ನಾಲ್ಕನೆಯ ಸುತ್ತಿನಲ್ಲಿ ಡ್ರಮ್ಮಿನವರು ನಡೆ ಬಿಟ್ಟು ತಮ್ಮ ಮಾತು ಆಡಬಹುದು. ಪ್ರಶ್ನೆಪತ್ರಿಕೆಯ 'ಬಿಟ್ಟ ಸ್ಥಳ ತುಂಬಿರಿ' ಇದ್ದ ಹಾಗೆ. ಮೊದಲ ಪಾಠದಲ್ಲಿ 16 ಪೆಟ್ಟು: ಸ್ನೇರಿಗೆ ನಾಲ್ಕು, ಟಾಮ್‌ಗಳಿಗೆ ನಾಲ್ಕು ನಾಲ್ಕು, ಬಲಗೈ ಎಡಗೈ ಬದಲಿಸುತ್ತಾ. ಮುಗಿದ ಕೂಡಲೇ ಒಂದನೆಯ ಎಣಿಕೆಗೆ ಬೇಸ್ ಡ್ರಮ್ಮೂ ಕ್ರ್ಯಾಶ್ ತಾಳವೂ ಒಟ್ಟಿಗೆ ಬೀಳಬೇಕು. ಮೃದಂಗದವರು ತೀರ್ಮಾನ ಹಾಕಿ ಸಮಕ್ಕೆ ಬರುವುದೂ ಇದೇ ತಾನೇ? ಸ್ವಾತಂತ್ರ್ಯ ಸಿಕ್ಕಿತೆಂದು ಕೈ ಓಡತೊಡಗುತ್ತದೆ. ಒಂದು ಬರುವ ಮೊದಲೇ ಪೆಟ್ಟುಗಳು ಮುಗಿದುಹೋಗುತ್ತವೆ. "ಕೈ ನೋಡ್ಬೇಡಿ ಮಿಸ್, ಕಾಲು ಕೇಳಿಸ್ಕೊಳ್ಳಿ" ಎಂದ. ಬಲಗಾಲಲ್ಲಿ ಎಣಿಕೆಗೊಂದರಂತೆ ಬೇಸ್ ಒತ್ತುತ್ತಾ, ನಿಮಿಷಕ್ಕೆ 60ರ ನಿಧಾನದಲ್ಲಿ ತಿಂಗಳುಗಟ್ಟಲೆ ಬಾರಿಸಿದೆ. ಎಡ ಮಣಿಕಟ್ಟಿನ ನೋವಿಗೆ ರಾತ್ರಿ ಬಿಸಿನೀರಿನ ಶಾಖ.

ಗುರುಪುರದ ಟಿಬೆಟನ್ ನೆಲೆ 1972ರದು. ಅಲ್ಲಿನ ಗ್ಯುಮೆ ಮಠದ ಮೂಲ ಟಿಬೆಟ್ಟಿನಲ್ಲಿ 1433ರಲ್ಲಿ ಸ್ಥಾಪನೆಯಾದ ಮಠ. ಟಿಬೆಟನ್ ಸನ್ಯಾಸಿಗಳು ಉದ್ದ ಹಿಡಿಯ ದೊಡ್ಡ ನಗಾರಿಯನ್ನು ಕುಡುಗೋಲಿನಂತೆ ಬಾಗಿದ ಕೋಲಿನಿಂದ ಬಾರಿಸುತ್ತಾರೆ. ಪಾತಾಳದಿಂದ ಬಂದಂತಹ ಮಂತ್ರಘೋಷದ ನಡುವೆ ಒಂದು ಪೆಟ್ಟು, ಇನ್ನೊಂದಕ್ಕೆ ಕಾಯಬೇಕು. ಖಾಲಿ ಇದೆಯೆಂದು ಯಾರೂ ತುಂಬಲು ಅವಸರಪಡುವುದಿಲ್ಲ. ನಮ್ಮ ಆರ್ಕೆಸ್ಟ್ರಾ ಹುಡುಗರೋ ಸಾಲಿಗೊಂದು ಫಿಲ್ ಹಾಕಿ ಹಾಡುವವಳ ಉಸಿರು ಕಟ್ಟಿಸುತ್ತಾರೆ. ನನ್ನ ಗುರುವಿಗೂ ಇದನ್ನು ಹೇಳಿದ್ದೇನೆ, ನಕ್ಕ, ಬಿಟ್ಟಿಲ್ಲ.

ಘಟ ಹೆಣ್ಣಿನ ಕೈಗೆ ಕಷ್ಟವೆಂಬ ಅನುಮಾನವನ್ನು ದಾಟಿ ಬಂದವರು ಬೆಂಗಳೂರಿನ ಸುಕನ್ಯಾ ರಾಮಗೋಪಾಲ್. 1995ರಲ್ಲಿ ಅವರು ಹೆಂಗಸರದೇ ತಾಳವಾದ್ಯ ತಂಡ 'ಸ್ತ್ರೀ ತಾಳ ತರಂಗ್' ಕಟ್ಟಿದರು. ಇದನ್ನು ನಮ್ಮ ಹುಡುಗಿಗೆ ಹೇಳಿದೆ. "ಅವರಿಗೆ ಡ್ರಮ್ಮು ಯಾರು ಕೊಟ್ರು ಮಿಸ್?" ಎಂದು ಕೇಳಿದಳು.

ಈಗ ಶನಿವಾರ ಶಾಲೆ ಬಿಟ್ಟ ಮೇಲೆ ಹಳೆಯ ಡೆಸ್ಕಿನ ಮೇಲೆ ಇಬ್ಬರೂ ಕೋಲು ಹಿಡಿಯುತ್ತೇವೆ. ಮೊನ್ನೆ ಅವಳು 16ರಲ್ಲಿ ಮೊದಲ ಎಂಟನ್ನು ಬಿಟ್ಟು, ಕಾಲಲ್ಲಿ ಎಣಿಸುತ್ತಾ ಸುಮ್ಮನಿದ್ದು, ಉಳಿದ ಎಂಟನ್ನು ಮಾತ್ರ ಬಾರಿಸಿ ಸರಿಯಾಗಿ ಒಂದಕ್ಕೆ ಬಂದಳು. ನಾನು ಹೇಳಿಕೊಟ್ಟದ್ದಲ್ಲ ಅದು. ಈ ಸಲದ ಬ್ಯಾಂಡಿನ ಪಟ್ಟಿಯಲ್ಲಿ ಡ್ರಮ್ಮಿನ ಎದುರು ಅವಳ ಹೆಸರು ಬರೆದು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟಿದ್ದೇನೆ. ಸಹಿ ಇನ್ನೂ ಬಿದ್ದಿಲ್ಲ.