ರಂಪಿಗಿಗೆ ಒಂದು ಕಾಗದ

ಇಂಗ್ಲೆಂಡಿನ ಕಾನೂನು ಚೂರಿಗೆ ಮೂರು ಇಂಚಿನ ಗೆರೆ ಎಳೆದಿದೆ. ಮಡಚುವ ಚೂರಿಯಾಗಿರಬೇಕು, ಅಲಗು 3 ಇಂಚು ಮೀರಬಾರದು, ಬಿಚ್ಚಿದ ಮೇಲೆ ಅಲುಗದಂತೆ ಬಿಗಿಯುವ ಕೀಲು ಇರಬಾರದು. ಇಷ್ಟಿದ್ದರೆ ಜೇಬಿನಲ್ಲಿಟ್ಟುಕೊಂಡು ಬೀದಿಯಲ್ಲಿ ಓಡಾಡಬಹುದು. ಇದರಾಚೆಯದು ಏನೇ ಇರಲಿ, ಈರುಳ್ಳಿ ಹೆಚ್ಚುವ ಚಾಕುವೇ ಇರಲಿ, ಮನೆ ಹೊಸ್ತಿಲು ದಾಟಿತೆಂದರೆ ಅದಕ್ಕೊಂದು ತಕ್ಕ ಕಾರಣ ಬೇಕು. 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 139ನೇ ಕಲಮು ಇದು. ಕಾರಣ ಒಪ್ಪಿಗೆಯಾಗದಿದ್ದರೆ ನಾಲ್ಕು ವರ್ಷದವರೆಗೂ ಜೈಲು.

ಈ ಕಲಮಿನಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಅಳತೆಯಲ್ಲ. ಸಾಮಾನ್ಯವಾಗಿ ತಪ್ಪು ಮಾಡಿದ್ದಾನೆಂದು ತೋರಿಸಬೇಕಾದವರು ಪೊಲೀಸರು, ಸರ್ಕಾರ. ಇಲ್ಲಿ ಹಾಗಲ್ಲ. ಚೂರಿ ಇದ್ದದ್ದು ಗೊತ್ತಾದ ಮೇಲೆ, ಅದು ಯಾಕಿತ್ತು ಎಂದು ರುಜುವಾತು ಮಾಡಬೇಕಾದವನು ಹಿಡಿದವನೇ. ನಾನು ಕೆಟ್ಟವನಲ್ಲ ಎಂದು ನಾನೇ ಹೇಳಬೇಕು, ನಾನೇ ಸಾಕ್ಷಿ ತರಬೇಕು. ಗೆಳೆಯರೇ, ಈ ಕೆಲಸ ಮಾಡೀ ಮಾಡೀ ತಲೆಮಾರುಗಳನ್ನೇ ಸವೆಸಿದ ಜನ ನಾವು. ಅದು ನಮಗೆ ಹೊಸದಲ್ಲ.

ಕಾಯ್ದೆ ಮೂರು ಕಾರಣಗಳನ್ನು ಹೆಸರಿಟ್ಟು ಹೇಳುತ್ತದೆ: ಕೆಲಸ, ಧರ್ಮ, ರಾಷ್ಟ್ರೀಯ ಉಡುಪು. ಧರ್ಮದ ಕಾರಣದಲ್ಲಿ ಸಿಖ್ಖರ ಕೃಪಾಣ ಬರುತ್ತದೆ. ನಮ್ಮ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೂ ಕೃಪಾಣಕ್ಕೆ ಜಾಗವಿದೆ. ಕೆನಡಾದ ಸುಪ್ರೀಂ ಕೋರ್ಟು 2006ರಲ್ಲಿ ಮುಲ್ತಾನಿ ಮೊಕದ್ದಮೆಯಲ್ಲಿ ಸಿಖ್ ಹುಡುಗನೊಬ್ಬ ಶಾಲೆಗೂ ಕೃಪಾಣ ಧರಿಸಿ ಹೋಗಬಹುದೆಂದು ತೀರ್ಪು ಕೊಟ್ಟಿತು. ಉಡುಪಿನ ಕಾರಣದಲ್ಲಿ ಸ್ಕಾಟ್ಲೆಂಡಿನವರು ಕಿಲ್ಟ್ ಉಟ್ಟಾಗ ಕಾಲುಚೀಲಕ್ಕೆ ಸಿಕ್ಕಿಸಿಕೊಳ್ಳುವ ಸ್ಕೀನ್ ಡೂ ಎಂಬ ಪುಟ್ಟ ಚೂರಿ ಬರುತ್ತದೆ. ಈ ಚೂರಿಯ ಕತೆಯೂ ಕೇಳುವಂಥದ್ದೇ. 1746ರಲ್ಲಿ ಕಲಾಡನ್ನಿನ ಕದನದಲ್ಲಿ ಗುಡ್ಡಗಾಡಿನ ಸ್ಕಾಟ್ ಜನ ಸೋತ ಮೇಲೆ ಲಂಡನ್ನಿನ ಸರ್ಕಾರ ಅವರ ಆಯುಧ ಕಸಿಯಿತು, ಅವರ ಉಡುಪನ್ನೂ ನಿಷೇಧಿಸಿತು. ಉಡುಪಿನ ನಿಷೇಧ ಎದ್ದದ್ದು 1782ರಲ್ಲಿ. ಅವರ ಸೊಂಟ ಮುರಿದು ಹಾಕಿಯಾದ ಮೇಲೆ, 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಅದೇ ಕಿಲ್ಟ್ ತಾನೇ ಉಟ್ಟು ಮೆರೆದ. ಹೆದರಿಕೆ ಹೋಯಿತು, ಉಡುಪು ಶೋಭೆಯಾಯಿತು.

ಉಳಿದದ್ದು ಕೆಲಸದ ಕಾರಣ. ನಮಗೆ ಸಂಬಂಧಪಟ್ಟದ್ದು ಅದೇ.

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಆ ಹಕ್ಕು ಬಂತು. ಅದಾದ ಮೇಲಿನ ಒಂದು ಬೇಸಿಗೆಯಲ್ಲಿ ಲಂಡನ್ನಿನಲ್ಲಿ ನಡೆದ ಕೈಕೆಲಸದ ಮೇಳಕ್ಕೆ ಅಥಣಿ ಕಡೆಯ ಕಾಕಾನಿಗೆ ಕರೆ ಬಂತು. ಇಂಗ್ಲಿಷು ಬಲ್ಲವರು ಅಂತ ಊರಿನ ಇಬ್ಬರು ಮಾಸ್ತರರು ನಾವು ಜೊತೆಗೆ ಹೊರಟೆವು. ಕಾಕಾ ಕಟ್ಟಿದ ಗಂಟಿನಲ್ಲಿ ಉಳಿ, ಸುತ್ತಿಗೆ, ದಾರ, ಹದ ಮಾಡಿದ ತೊಗಲು, ನಡುವೆ ಅಪ್ಪನ ಕಾಲದ ರಂಪಿಗಿ. ಓದುಗರಲ್ಲಿ ಗೊತ್ತಿಲ್ಲದವರಿಗೆ ಹೇಳುತ್ತೇವೆ: ರಂಪಿಗಿ ಎಂದರೆ ತೊಗಲು ಕೊಯ್ಯುವ, ಹೆರೆಯುವ ಅಗಲ ಬಾಯಿನ ಕಬ್ಬಿಣ. ತುದಿ ಚೂಪಿಲ್ಲ, ಅಂಚು ಮಾತ್ರ ಹರಿತ. ಚುಚ್ಚಲು ಬರುವುದಿಲ್ಲ. ಆದರೆ ಮಡಚುವುದೂ ಇಲ್ಲ. ಮಡಚದ ಅಲಗು ಎಷ್ಟು ಗಿಡ್ಡವಾಗಿದ್ದರೂ ಇಂಗ್ಲೆಂಡಿನ ಬೀದಿಯಲ್ಲಿ ಕಾರಣ ಕೇಳುವ ಅಲಗೇ.

ವಿಮಾನದ ಮಾತು ಸರಳ. 2001ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಆದದ್ದಾದ ಮೇಲೆ ಹರಿತವಾದದ್ದನ್ನು ಕೈಚೀಲದಲ್ಲಿ ಬಿಡುವುದೇ ಕಷ್ಟ. 2013ರಲ್ಲಿ ಅಮೆರಿಕದವರು ಸಣ್ಣ ಚೂರಿಗಳನ್ನು ಮತ್ತೆ ಒಳಗೆ ಬಿಡೋಣವೆಂದರು, ವಿಮಾನದೊಳಗೆ ಕೆಲಸ ಮಾಡುವವರು ಎದ್ದು ನಿಂತು ವಿರೋಧಿಸಿದ ಮೇಲೆ ಕೆಲವೇ ತಿಂಗಳಲ್ಲಿ ಕೈಬಿಟ್ಟರು. ನಮ್ಮ ದೇಶದೊಳಗಿನ ಹಾರಾಟದಲ್ಲಿ ಸಿಖ್ಖರಿಗೆ 6 ಇಂಚಿನವರೆಗಿನ ಅಲಗಿನ ಕೃಪಾಣಕ್ಕೆ 2022ರಲ್ಲಿ ಅನುಮತಿಯಾಯಿತು, ಹೊರದೇಶದ ಹಾರಾಟಕ್ಕೆ ಅದಿಲ್ಲ. ಹಾಗಾಗಿ ರಂಪಿಗಿಯನ್ನು ತೊಗಲಲ್ಲಿ ಸುತ್ತಿ ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಇಟ್ಟೆವು. ಕಾಕಾ ದಾರಿಯುದ್ದಕ್ಕೂ ಅದೊಂದನ್ನೇ ಕೇಳುತ್ತಿದ್ದರು. “ಪೆಟಗಿ ಬರ್ತದ ಹೌದಲ್ರೀ ಮಾಸ್ತರ?”

ಪೆಟ್ಟಿಗೆ ಬಂತು. ಮೇಳದವರು ಒಂದು ಕಾಗದ ಕೊಟ್ಟರು. ಈತ ಪಾದರಕ್ಷೆಯ ಕುಶಲಕರ್ಮಿ, ಈ ಸಲಕರಣೆ ಈತನ ವೃತ್ತಿಗೆ ಬೇಕಾದದ್ದು, ಇಂಥ ದಿನಗಳಲ್ಲಿ ಇಂಥ ಕಟ್ಟಡದಲ್ಲಿ ಕೆಲಸ ಮಾಡುತ್ತಾನೆ ಎಂದು. ಬೀದಿಯಲ್ಲಿ ಯಾರಾದರೂ ಕೇಳಿದರೆ ತೋರಿಸಿ ಎಂದರು. ಕಾಕಾ ಅದನ್ನು ಕನ್ನಡದಲ್ಲಿ ಓದಿಸಿಕೊಂಡರು.

“ಕುಶಲಕರ್ಮಿ ಅಂದ್ರ ಏನ್ರೀ?”

“ಕೈಕೆಲಸದಾಗ ಶಾಣ್ಯಾ ಅಂತ ಕಾಕಾ.”

“ನಮ್ಮ ಕಡೆ ಎಲ್ಲಾ ಕಾಗದದಾಗೂ ನನ್ನ ಜಾತಿ ಬರದಾರ. ಇವ್ರು ಕೆಲಸಾ ಬರದಾರ ನೋಡ್ರಿ.”

ಮೂರನೇ ದಿನ ಮೇಳಕ್ಕೆ ರಜೆ. ಬಾಬಾಸಾಹೇಬರು 1921-22ರಲ್ಲಿ ಓದುತ್ತಿದ್ದಾಗ ಇದ್ದ ಮನೆ ನೋಡಬೇಕೆಂದು ಊರಲ್ಲೇ ಮಾತಾಗಿತ್ತು. ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರು, 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡ ಮನೆ. ಕಾಕಾ ಚೀಲ ಹೆಗಲಿಗೆ ಹಾಕಿಕೊಂಡು ನಿಂತರು, ಒಳಗೆ ರಂಪಿಗಿ. ಅಲ್ಲಿ ಅದನ್ನು ಇಟ್ಟು ನಮಸ್ಕಾರ ಮಾಡಬೇಕೆಂದು ಅವರ ಆಸೆ. ನಾವು ಕಾನೂನಿನ ಮಾತು ಹೇಳಬೇಕಾಯಿತು. ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಬರುವಾಗ ಕಾರಣ ಇದೆ. ರಜೆಯ ದಿನ ಮನೆ ನೋಡಲು ಹೋಗುವಾಗ ಇಲ್ಲ. ಅಲ್ಲಿನ ಕೋರ್ಟಿನಲ್ಲಿ 1992ರ ಒಂದು ತೀರ್ಪಿದೆ: ಆರು ದಿನದ ಹಿಂದೆ ಕೆಲಸಕ್ಕೆ ಬಳಸಿದ ಚೂರಿ ಜೇಬಿನಲ್ಲೇ ಮರೆತುಹೋಗಿತ್ತು ಎಂದರೆ ಅದು ಕಾರಣವಲ್ಲ.

“ಅಲ್ರೀ, ಇದೇನ ಕೊಲ್ಲೂ ಸಾಮಾನೇನ್ರಿ? ಹೊಟ್ಟಿ ಹೊರಿಯೂ ಸಾಮಾನು. ಸಾಹೇಬರಿಗೆ ತೋರಸದ ಇನ್ಯಾರಿಗೆ ತೋರಸ್ಲಿ?”

ಹೌದು ಅನ್ನುವುದು ಬಿಟ್ಟು ನಮ್ಮ ಬಳಿ ಉತ್ತರವಿರಲಿಲ್ಲ. ರಂಪಿಗಿ ಕೋಣೆಯಲ್ಲಿ ಉಳಿಯಿತು. ಆ ಮನೆಯ ಮುಂದೆ ಕಾಕಾ ಬರಿಗೈ ಜೋಡಿಸಿ ಬಹಳ ಹೊತ್ತು ನಿಂತಿದ್ದರು. 1979ರಿಂದ ಕಾವ್ಯವನ್ನೇ ಖಡ್ಗ ಮಾಡುತ್ತೇವೆಂದು ಕೂಗಿಕೊಂಡು ಬಂದವರ ಸಾಲಿನ ನಾವು, ಒಂದು ಚಪ್ಪಲಿ ಹೊಲಿಯುವ ಕಬ್ಬಿಣಕ್ಕೆ ಟೇಪು ಹಿಡಿದು ಅಳೆಯುತ್ತಿದ್ದೆವು.

ಮೇಳದ ಬಾಗಿಲಲ್ಲಿ ಕಾವಲಿಗಿದ್ದವರು ಜಮೈಕಾ ಮೂಲದ ಹಿರಿಯರು. ದಿನಾ ಬೆಳಿಗ್ಗೆ ಕಾಕಾನ ಗಂಟು ಬಿಚ್ಚಿ ನೋಡಿ ನಗುತ್ತಿದ್ದರು. ನಮ್ಮ ರಜೆಯ ದಿನದ ಕತೆ ಕೇಳಿ ನಗು ನಿಲ್ಲಿಸಿದರು. ಹದಿಹರೆಯದಲ್ಲಿ ಎಷ್ಟು ಸಲ ತಮ್ಮನ್ನು ಬೀದಿಯಲ್ಲಿ ಗೋಡೆಗೆ ನಿಲ್ಲಿಸಿ ಜೇಬು ತಡಕಿದರೋ ಲೆಕ್ಕವಿಲ್ಲ ಎಂದರು. ಹೆಂಡತಿ ಹೊಲಿಗೆಯ ಕತ್ತರಿ ಸಾಣೆ ಹಿಡಿಸಿಕೊಂಡು ಬಾ ಎಂದರೂ ಇಂದಿಗೂ ಒಯ್ಯುವುದಿಲ್ಲವಂತೆ.

ಇದು ಒಬ್ಬರ ಕತೆಯಲ್ಲ. 1824ರ ಅಲೆಮಾರಿಗಳ ಕಾಯ್ದೆಯನ್ನು ಹಿಡಿದು ‘ಸಂಶಯ’ ಎಂಬ ಒಂದೇ ಮಾತಿನ ಮೇಲೆ ಕಪ್ಪು ಹುಡುಗರನ್ನು ಬಂಧಿಸುತ್ತಿದ್ದರು. 1981ರ ಏಪ್ರಿಲಿನಲ್ಲಿ ಬ್ರಿಕ್ಸ್‌ಟನ್ನಿನಲ್ಲಿ ಕೆಲವೇ ದಿನಗಳಲ್ಲಿ 900ಕ್ಕೂ ಹೆಚ್ಚು ಜನರನ್ನು ತಡೆದು ತಡಕಿದರು. ಬೀದಿಗೆ ಬೆಂಕಿ ಬಿತ್ತು. ಅದೇ ವರ್ಷ ಆ ‘ಸಂಶಯ’ದ ಕಲಮು ರದ್ದಾಯಿತು. ಆದರೆ 1994ರ ಕಾಯ್ದೆಯ 60ನೇ ಕಲಮು ಬಂತು. ಮೇಲಧಿಕಾರಿ ಒಂದು ಪ್ರದೇಶವನ್ನು ಗುರುತಿಸಿ ಆಜ್ಞೆ ಹೊರಡಿಸಿದರೆ, ಅಷ್ಟು ಹೊತ್ತು ಅಲ್ಲಿ ಸಂಶಯವೂ ಬೇಡ, ಯಾರನ್ನಾದರೂ ತಡಕಬಹುದು. ಇತ್ತೀಚಿನ ವರ್ಷಗಳ ಸರ್ಕಾರದ ಲೆಕ್ಕದಲ್ಲೇ, ಜನಸಂಖ್ಯೆಗೆ ಹೋಲಿಸಿದರೆ ಕಪ್ಪು ಜನರನ್ನು ಬಿಳಿಯರಿಗಿಂತ ಸುಮಾರು 4 ಪಟ್ಟು ಹೆಚ್ಚು ತಡೆಯುತ್ತಾರೆ.

ಇನ್ನೊಂದು ಕಡೆಯಿಂದಲೂ ನೋಡಿ. 1993ರ ಏಪ್ರಿಲ್ 22ರ ರಾತ್ರಿ ಲಂಡನ್ನಿನ ಎಲ್ಥಮ್ಮಿನಲ್ಲಿ ಬಸ್ಸಿಗೆ ಕಾಯುತ್ತಿದ್ದ 18 ವರ್ಷದ ಸ್ಟೀಫನ್ ಲಾರೆನ್ಸನನ್ನು ಬಿಳಿ ಹುಡುಗರ ಗುಂಪು ಚೂರಿ ಹಾಕಿ ಕೊಂದಿತು. ಜೊತೆಗಿದ್ದ ಗೆಳೆಯ ಡುವೇನ್ ಬ್ರೂಕ್ಸನೂ ಕಪ್ಪು ಹುಡುಗ. ಪೊಲೀಸರು ಅವನನ್ನು ಪೆಟ್ಟು ತಿಂದವನಂತೆ ನೋಡಲಿಲ್ಲ. ಆ ಪೊಲೀಸು ವ್ಯವಸ್ಥೆಯೇ ಒಳಗಿನಿಂದ ವರ್ಣಭೇದಿ ಎಂದು 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಬರೆಯಿತು. ಇಬ್ಬರಿಗೆ ಶಿಕ್ಷೆಯಾದದ್ದು 2012ರಲ್ಲಿ, ಹತ್ತೊಂಬತ್ತು ವರ್ಷದ ಮೇಲೆ. ಚೂರಿ ಇಲ್ಲದ ಕಪ್ಪು ಹುಡುಗನ ಜೇಬಿನಲ್ಲಿ ಚೂರಿ ಹುಡುಕುವ ಕಣ್ಣಿಗೆ, ಚೂರಿ ಇದ್ದ ಬಿಳಿ ಕೈ ಕಾಣಲಿಲ್ಲ.

ಹಾಗಂತ ಆ ಕಾನೂನೇ ಬೇಡ ಎನ್ನುವ ಮಾತು ನಮ್ಮದಲ್ಲ. ಆ ನಾಡಿನಲ್ಲಿ ವರ್ಷಕ್ಕೆ 200ರ ಆಸುಪಾಸು ಜನ ಹರಿತದ ಆಯುಧಕ್ಕೆ ಬಲಿಯಾಗುತ್ತಾರೆ, ಎಷ್ಟೋ ಮಂದಿ ಎಳೆಯ ಹುಡುಗರು. ಬೀದಿಯ ಬದಿಯಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದಾರೆ, ಅಂಚೆ ಡಬ್ಬಿಗಿಂತ ದೊಡ್ಡದು. ಚೂರಿ ಇದ್ದರೆ ಹೆಸರು ಹೇಳದೆ ಹಾಕಿ ಹೋಗಿ ಎಂದು. 2025ರ ಆಗಸ್ಟಿನಿಂದ ನಿಂಜಾ ಕತ್ತಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಮಗನನ್ನು ಕಳಕೊಂಡ ತಾಯಂದಿರು ಬೀದಿಗಿಳಿದು ಕೇಳಿದ ಕಾನೂನುಗಳೂ ಇದರಲ್ಲಿವೆ. ಆ ತಾಯಂದಿರ ಮುಂದೆ ನಮ್ಮ ವಾದ ಸಣ್ಣದು. ನಮ್ಮ ತಕರಾರು ತಡೆಯುವ ಕೈ ಯಾರ ಹೆಗಲ ಮೇಲೆ ಬೀಳುತ್ತದೆ ಅನ್ನುವುದರ ಬಗ್ಗೆ.

ಆಳುವವರು ಕಬ್ಬಿಣ ಕಸಿಯುವುದು ಹಳೆಯ ವಿದ್ಯೆ. ಜಪಾನಿನಲ್ಲಿ 1588ರಲ್ಲಿ ಟೊಯೊಟೊಮಿ ಹಿಡೆಯೋಶಿ ರೈತರ ಕತ್ತಿಗಳನ್ನೆಲ್ಲ ಕಸಿದ. ಕರಗಿಸಿ ಮಹಾಬುದ್ಧನ ಮೂರ್ತಿಯ ಕೆಲಸಕ್ಕೆ ಮೊಳೆ ಮಾಡುತ್ತೇನೆ, ನಿಮಗೆ ಪುಣ್ಯ ಬರುತ್ತದೆ ಎಂದ! ಸಮುರಾಯಿಗಳ ಸೊಂಟದ ಕತ್ತಿ ಇಳಿದದ್ದು 1876ರಲ್ಲಿ. ಈಗ ಅಲ್ಲಿ ಕಾರಣವಿಲ್ಲದೆ 6 ಸೆಂಟಿಮೀಟರಿಗಿಂತ ಉದ್ದದ ಅಲಗು ಒಯ್ಯುವುದು ಅಪರಾಧ, ಹೋಗುವವರು ನೆನಪಿಡಬೇಕು. ಆ ನಾಡಿನಲ್ಲೂ ಸತ್ತ ದನದ ತೊಗಲು ಸುಲಿದು ಹದ ಮಾಡುವ ಕೆಲಸಕ್ಕೆ ಕಟ್ಟಿಹಾಕಿದ ಬುರಾಕು ಜನ ಇದ್ದಾರೆ, ಹುಟ್ಟಿನಿಂದಲೇ ದೂರ ಇಡಲ್ಪಟ್ಟವರು. ಅವರು 1922ರಲ್ಲೇ ಸುಯ್‌ಹೈಶಾ ಎಂಬ ಸಂಘ ಕಟ್ಟಿದರು. ಅವರ ಕೈಯಲ್ಲೂ ತೊಗಲು ಕೊಯ್ಯುವ ಕಬ್ಬಿಣವೇ ಇತ್ತು.

ನಮ್ಮ ಕಡೆಯದು ಹಲಗಲಿ. 1857ರಲ್ಲಿ ಇದ್ದ ಆಯುಧ ಒಪ್ಪಿಸಿ ಎಂದು ಇದೇ ಇಂಗ್ಲಿಷರು ಹುಕುಂ ಹೊರಡಿಸಿದಾಗ ಮುಧೋಳ ಸೀಮೆಯ ಬೇಡರು ಒಪ್ಪಲಿಲ್ಲ. ಊರು ಸುಟ್ಟರು, ಹಿಡಿದವರನ್ನು ನೇಣಿಗೆ ಹಾಕಿದರು. ಲಾವಣಿ ಕೇಳುತ್ತಾ ಬೆಳೆದ ಕಾಕಾನಿಗೆ ಇದು ಪುಸ್ತಕದ ಸಂಗತಿಯಲ್ಲ. ಆಮೇಲೆ 1878ರ ಆಯುಧ ಕಾಯ್ದೆ ಬಂತು: ನಾಡಿನವರಿಗೆ ಲೈಸೆನ್ಸು, ಬಿಳಿಯರಿಗೆ ವಿನಾಯಿತಿ. ಅದಕ್ಕೂ ಮೊದಲೇ 1871ರಲ್ಲಿ ಇಡೀ ಇಡೀ ಜಾತಿಗಳನ್ನು ಹುಟ್ಟು ಅಪರಾಧಿಗಳೆಂದು ಬರೆದುಹಾಕಿದ್ದರು. ಲಂಡನ್ನಿನ ಬೀದಿಯಲ್ಲಿ ಕಪ್ಪು ಹುಡುಗನ ಮೈ ತಡಕುವ ಕೈಗೆ ಈ ಅಭ್ಯಾಸ ಹೊಸದೇನಲ್ಲ.

ನಮ್ಮ ಈಗಿನ ಕಾನೂನು ಈ ವಿಷಯದಲ್ಲಿ ಅಷ್ಟು ಕಟುವಲ್ಲ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ ನಿಯಮವಿದ್ದರೂ ಮನೆಯ, ಬೇಸಾಯದ, ಕೈಗಾರಿಕೆಯ ಸಾಮಾನಿಗೆ ಬಿಡುಗಡೆ ಇದೆ. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಬಸ್ಸು ಹತ್ತುವ ಹೆಣ್ಣುಮಗಳನ್ನು ನಮ್ಮಲ್ಲಿ ಯಾರೂ ಇಳಿಸುವುದಿಲ್ಲ. ಆದರೆ ರಂಪಿಗಿಯ ಚೀಲ ಕಂಡರೆ ಪಕ್ಕದ ಸೀಟು ಖಾಲಿಯಾಗುತ್ತದೆ. ಅಲ್ಲಿ ಅದು ಅಪಾಯ, ಇಲ್ಲಿ ಅದು ಜಾತಿ. ಎರಡು ಕಡೆಯೂ ವಿವರ ಕೊಡಬೇಕಾದವರು ಕಾಕಾನೇ. ಚಪ್ಪಲಿಗೆ ಮಾತ್ರ ಈ ತೊಂದರೆ ಇಲ್ಲ. 2025ರ ಜೂನಿನಲ್ಲಿ ಇಟಲಿಯ ದೊಡ್ಡ ಕಂಪನಿಯೊಂದರ ಮಿಲಾನಿನ ಪ್ರದರ್ಶನದಲ್ಲಿ ನಮ್ಮ ಕೊಲ್ಹಾಪುರಿಯಂಥದೇ ಚಪ್ಪಲಿ ಹೆಸರಿಲ್ಲದೆ ಮೆರೆಯಿತು. ಗಲಾಟೆಯಾದ ಮೇಲೆ ಮೂಲ ಒಪ್ಪಿಕೊಂಡರು.

ಸಲಕರಣೆ ಹಿಡಿದು ಹೊರದೇಶಕ್ಕೆ ಹೋಗುವ ನಮ್ಮವರು ಈಗ ಹೆಚ್ಚುತ್ತಿದ್ದಾರೆ. ಅವರಿಗೆ ಹೇಳಬೇಕಾದದ್ದಿಷ್ಟು. ಹರಿತದ ಸಾಮಾನನ್ನು ಸುತ್ತಿ ಕೆಳಗಿನ ಪೆಟ್ಟಿಗೆಯಲ್ಲೇ ಹಾಕಿ. ಕರೆದವರಿಂದ ಕಾಗದ ಬರೆಸಿಕೊಳ್ಳಿ, ದಿನ, ಜಾಗ, ಕೆಲಸ ಅದರಲ್ಲಿರಲಿ. ಕೆಲಸ ಮುಗಿದರೆ ಸಾಮಾನನ್ನು ಮಳಿಗೆಯಲ್ಲೇ ಬೀಗ ಹಾಕಿ ಬಿಟ್ಟು ಬನ್ನಿ, ಬೀದಿ ಸುತ್ತುವಾಗ ಬೇಡ. ಯಾರಾದರೂ ಕೇಳಿದರೆ ‘ಮೈ ಕಾಯಲಿಕ್ಕೆ’ ಎನ್ನಬೇಡಿ, ಇಂಗ್ಲೆಂಡಿನಲ್ಲಿ ಆ ಮಾತೇ ನಿಮ್ಮನ್ನು ಸಿಕ್ಕಿಸುತ್ತದೆ.

ಕಾಕಾ ಆ ಇಂಗ್ಲಿಷು ಕಾಗದಕ್ಕೆ ಪ್ಲಾಸ್ಟಿಕ್ಕು ಹಾಕಿಸಿ ಇಟ್ಟುಕೊಂಡಿದ್ದಾರೆ. ಹೋದ ವರ್ಷ ದೊಡ್ಡ ಊರಿನ ಒಂದು ಮೇಳಕ್ಕೆ ಹೋದಾಗ ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವನು ರಂಪಿಗಿ ಎತ್ತಿ ಹಿಡಿದು ಇದೇನು ಎಂದ. ಕಾಕಾ ಕಾಗದ ಕೊಟ್ಟರು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಅದೆಲ್ಲ ಸರಿ. ನೀ ಯಾವ ಪೈಕಿ?”

“ನಿಮ್ಮ ಬೂಟಿನ ಪೈಕಿರೀ ಸಾಹೇಬ್ರ,” ಅಂದರು ಕಾಕಾ.

ಕಾಗದ ವಾಪಸು ಬಂತು. ರಂಪಿಗಿಯನ್ನು ಸಂಜೆಯವರೆಗೆ ಅವನ ಮೇಜಿನ ಕೆಳಗೆ ಇಟ್ಟುಕೊಂಡ. ಆ ದಿನವೆಲ್ಲ ಕಾಕಾ ಮಳಿಗೆಯಲ್ಲಿ ಮಾಡಿಟ್ಟ ಚಪ್ಪಲಿಗಳ ಮುಂದೆ ಸುಮ್ಮನೆ ಕೂತಿದ್ದರು.