ನಾನಿ ನೆಟ್ಟ ಸದಾಬಹಾರ್

ನಾನು ಕಾಮರ್ಸ್ ವಿದ್ಯಾರ್ಥಿನಿ. ಜೀವಶಾಸ್ತ್ರದ ಗೊಡವೆ ಹತ್ತನೇ ತರಗತಿಗೇ ಮುಗಿಯಿತು ಅಂದುಕೊಂಡಿದ್ದೆ. ಹೋದ ವರ್ಷ ತಮ್ಮನಿಗೆ ರಕ್ತದ ಕ್ಯಾನ್ಸರ್ ಬಂತು. ಅಬ್ಬಾ ಅವನನ್ನು ಗುಬ್ಬಿಯಿಂದ ರೈಲಿನಲ್ಲಿ ಬೆಂಗಳೂರಿಗೆ ಕರೆದೊಯ್ಯುತ್ತಿದ್ದರು. ಚೀಟಿಯಲ್ಲಿ ‘ವಿನ್‌ಕ್ರಿಸ್ಟಿನ್’ ಅಂತಿತ್ತು. ಸೈನ್ಸ್ ಓದುವ ಗೆಳತಿಯನ್ನು ಕೇಳಿದೆ.

ನಮ್ಮ ಜೀವಕೋಶ ಎರಡಾಗುವಾಗ ಅದರ ಎರಡು ತುದಿಗಳಲ್ಲಿ ನಕ್ಷತ್ರದ ಹಾಗೆ ಸಣ್ಣ ಕೊಳವೆಯಂಥ ಎಳೆಗಳು ಹರಡುತ್ತವಂತೆ, ನಡುವೆ ಕದಿರಿನ ಆಕಾರ. ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವುದು ಆ ಕದಿರಿನ ಎಳೆಗಳೇ. ಈ ಔಷಧಿ ಎಳೆ ಕಟ್ಟಲು ಬಿಡುವುದಿಲ್ಲ. ಕೋಶ ಅರ್ಧದಲ್ಲೇ ನಿಂತು ಸಾಯುತ್ತದೆ. ಕೂದಲ ಬುಡದ ಕೋಶಗಳೂ ಬೇಗ ಬೇಗ ಎರಡಾಗುವಂಥವು, ಅದಕ್ಕೇ ಕೂದಲೂ ಉದುರುತ್ತದೆ. ಇದನ್ನು ಕೇಳಿದ ಮೇಲೆ ತಮ್ಮ ಟೋಪಿ ತೆಗೆದು ಕನ್ನಡಿ ನೋಡಿಕೊಂಡ.

ಔಷಧಿ ಸಿಗುವುದು ನಿತ್ಯಪುಷ್ಪದ ಗಿಡದಿಂದ. ನಮ್ಮನೆಯಲ್ಲಿ ಅದಕ್ಕೆ ಸದಾಬಹಾರ್ ಅನ್ನುತ್ತೇವೆ. ಖಬರಸ್ತಾನದ ಹೂವೆಂದು ನಾನಿ ಅದನ್ನು ಅಂಗಳಕ್ಕೆ ಸೇರಿಸುತ್ತಿರಲಿಲ್ಲ. ಈಗ ಬಾಗಿಲ ಬಳಿ ಹಳೇ ಡಬ್ಬದಲ್ಲಿ ನೆಟ್ಟು ತಾವೇ ನೀರು ಹಾಕುತ್ತಾರೆ. ತಮ್ಮನ ಚಿಕಿತ್ಸೆ ಇನ್ನೂ ಮುಗಿದಿಲ್ಲ.